ಪೆಂಟಿ ಬೆಲ್ಲದ ಸೇವೆ

ನಮ್ಮೂರಿನ ಅಂಗವಿಕಲ ಸೇವಾ ಮಂಡಳದ ಸದಸ್ಯರೆಲ್ಲರಿಗೂ ಕೈಕಾಲು ನೆಟ್ಟಗಿದ್ದವು, ಕಣ್ಣು ನಿಚ್ಚಳವಾಗಿದ್ದವು. ಕಿವಿ ಮಾತ್ರ ಬೇಕಾದಾಗ ಕೇಳಿಸುತ್ತಿದ್ದವು, ಬೇಡವಾದಾಗ ಇಲ್ಲ. ಅಧ್ಯಕ್ಷರು ಆಬಾಸಾಹೇಬರು. ಹೊಳೆಯ ಮಗ್ಗುಲಲ್ಲಿ ಕಬ್ಬಿನ ತೋಟ, ಅಂಕಲಿಯಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಎರಡಂತಸ್ತಿನ ಮನೆ. ಇಷ್ಟೆಲ್ಲ ಇದ್ದವನಿಗೆ ಇನ್ನೇನು ಬೇಕು? ಪುಣ್ಯ ಬೇಕು. ಅದೂ ನಾಲ್ಕು ಮಂದಿಗೆ ಕಾಣುವಂಥ ಪುಣ್ಯ.

ಮಹಾವೀರ ಜಯಂತಿಗೆ ಬಸದಿಯಲ್ಲಿ ಸವಾಲು ಕೂಗುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಮೊದಲ ಕಲಶ ಯಾರದು, ಆರತಿ ಯಾರದು ಎಂದು ಹರಾಜಿನ ಹಾಗೆ ಕೂಗುತ್ತಾರೆ. ಹೆಚ್ಚು ಕೂಗಿದವನಿಗೆ ಆ ಮಾನ. ಬೇರೆ ಊರುಗಳಲ್ಲಿ ರೂಪಾಯಿಯಲ್ಲಿ ಕೂಗಿದರೆ ನಮ್ಮೂರಲ್ಲಿ ಮುತ್ತಜ್ಜನ ಕಾಲದಿಂದಲೂ ಬೆಲ್ಲದ ಪೆಂಟಿಯಲ್ಲಿ, ಅಂದರೆ ದೊಡ್ಡ ಅಚ್ಚುಗಳ ಲೆಕ್ಕದಲ್ಲಿ, ಕೂಗುತ್ತಾರೆ. ಗಾಣಗಳು ನಿಂತು ಕಬ್ಬೆಲ್ಲ ಕಾರ್ಖಾನೆಗೆ ಹೋಗತೊಡಗಿದ ಮೇಲೂ ಕೂಗು ಪೆಂಟಿಯಲ್ಲೇ ಉಳಿದಿತ್ತು. ಗೆದ್ದವರು ಪೇಟೆಯಿಂದ ಬೆಲ್ಲ ಕೊಂಡು ತಂದು ಕೊಡುತ್ತಿದ್ದರು.

ಸವಾಲಿಗೆ ನೇಮವೂ ಇತ್ತು. ಗೆದ್ದವನು ಕಲಶವನ್ನು ತನ್ನ ಕೈಯಾರೆ ಎತ್ತಬೇಕು, ಆಳನ್ನು ಕಳಿಸುವಂತಿಲ್ಲ. ಎತ್ತಲಾರದೆ ಹೋದರೆ ಆ ಮಾನ ಕೂಗಿನಲ್ಲಿ ಎರಡನೆಯವನಾದವನಿಗೆ ಹೋಗುತ್ತದೆ. ಬೆಲ್ಲವನ್ನು ಮಾತ್ರ ಗೆದ್ದವನೇ ಕೊಡಬೇಕು. ಒಂದು ವರ್ಷ ತವನಪ್ಪ ಮೊದಲ ಕಲಶದ ಸವಾಲು ಗೆದ್ದು, ಮೀಸೆ ತಿರುವಿಕೊಂಡು ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ಜಾರಿಬಿದ್ದು ಸೊಂಟ ಹಿಡಿಸಿಕೊಂಡ. ಕಲಶ ಎತ್ತಿದವನು ಜಿನ್ನಪ್ಪ, ಬೆಲ್ಲ ತೆತ್ತವನು ತವನಪ್ಪ. ಆಮೇಲೆ ಎಷ್ಟೋ ದಿನ, ಜಿನ್ನಪ್ಪ ಎದುರಾದಾಗಲೆಲ್ಲ ತವನಪ್ಪನ ಸೊಂಟ ಚಳಕು ಹೊಡೆಯುತ್ತದೆ ಎಂದು ಊರು ನಗುತ್ತಿತ್ತು.

ಈ ಪದ್ಧತಿಗೆ ಆಬಾಸಾಹೇಬರು ಒಂದು ಹೊಸ ಬಾಲ ಕಟ್ಟಿದರು. ಅಂಗವಿಕಲರ ಸೇವೆಗೂ ಸವಾಲು. ಗೆದ್ದವರು ಕೊಟ್ಟ ಬೆಲ್ಲ ಮಾರಿ ಬಂದದ್ದರಲ್ಲಿ ಆ ಅಂಗವಿಕಲರಿಗೆ ವರ್ಷವಿಡೀ ಸೇವೆ. ಮೊದಲ ವರ್ಷ ಮೈಕಿನ ಮುಂದೆ ನಿಂತು ಅವರು ಮಾಡಿದ ಭಾಷಣ ಈಗಲೂ ಹಲವರಿಗೆ ನೆನಪಿದೆ. "ದೇವರ ಸೇವಾ, ಅಂಗವಿಕಲರ ಸೇವಾ, ಎರಡೂ ಒಂದ! ಅಭಿಷೇಕದ ಸವಾಲಿಗಿ ಏನ ನೇಮ ಐತಿ, ಇದಕ್ಕೂ ಅದ ನೇಮ!" ಮಂದಿ ಚಪ್ಪಾಳೆ ತಟ್ಟಿದರು. ನೇಮವೇನು ಎಂದು ಯಾರೂ ಕೇಳಲಿಲ್ಲ. ಚಪ್ಪಾಳೆ ತಟ್ಟುವಾಗ ಕೇಳುವ ಅಭ್ಯಾಸ ನಮ್ಮ ಮಂದಿಗಿಲ್ಲ.

ಸೇವೆಗೆ ಸಿಕ್ಕವರು ಇಬ್ಬರು. ಕುರಿ ಕಾಯುವ ಮನೆತನದ ಕುರುಡ ಮಲಕಾರಿ, ಮತ್ತು ಒಕ್ಕಲುತನದ ನೇಮಿನಾಥನ ತಂಗಿ ಕುಸುಮ. ಮಲಕಾರಿಗೆ ದಿನಾ ಪೇಪರು ಓದಿ ಹೇಳುವವನೊಬ್ಬನನ್ನು ಇಟ್ಟರು. ಅವನಿಗೆ ಬೇಕಾಗಿದ್ದದ್ದು ಹಗ್ಗ ಹೊಸೆಯಲು ನಾರು ತಂದುಕೊಡುವವನು. ದಿಲ್ಲಿಯಲ್ಲಿ ಯಾವ ಸರಕಾರ ಬಿತ್ತು, ಯಾವುದು ಎದ್ದಿತು ಎಂದು ಕೇಳಿ ಕೇಳಿ ಅವನು ಸುಸ್ತಾಗಿದ್ದ. "ಅವು ಬಿದ್ರ ಬೀಳ್ಲಿ, ನನ್ನ ನಾರ ಎಲ್ಲೈತಿ?" ಎನ್ನುತ್ತಿದ್ದ.

ಕುಸುಮಳಿಗೆ ಸಣ್ಣವಳಿದ್ದಾಗ ಪೋಲಿಯೊ ಆಗಿ ಎರಡೂ ಕಾಲು ಬತ್ತಿದ್ದವು. ನಾನು ಹೇಳುವ ಈ ಹೊತ್ತಿಗೆ ಅವಳಿಗೆ ಮೂವತ್ತು ದಾಟಿತ್ತು. ಕೈಗಳು ಮಾತ್ರ ಕಬ್ಬಿಣ. ಕೈಯಿಂದ ತಿರುಗಿಸುವ ಹೊಲಿಗೆ ಮಿಷನ್ನಿನ ಮುಂದೆ ಕುಳಿತರೆ ಸುತ್ತಲಿನ ಹಳ್ಳಿಗಳ ಕುಪ್ಪಸವೆಲ್ಲ ಅವಳ ಕೈಯಲ್ಲೇ ಹೊಲಿದು ಮುಗಿಯಬೇಕು. ನಾಲಿಗೆಯೂ ಅವಳ ಕತ್ತರಿಯಷ್ಟೇ ಹರಿತ.

ಮಂಡಳ ಅವಳಿಗೊಂದು ಗಾಲಿಕುರ್ಚಿ ಕೊಟ್ಟಿತ್ತು. ನುಣ್ಣನೆಯ ನೆಲದ ಆಸ್ಪತ್ರೆಯಲ್ಲಿ ಓಡಾಡುವಂಥದ್ದು. ಮುಂದಿನ ಗಾಲಿಗಳು ಅಂಗೈಯಗಲ. ಬೆನ್ನಿಗೆ ಒರಗುವ ಜಾಗದ ಹಿಂದೆ ದಪ್ಪ ಕೆಂಪು ಅಕ್ಷರದಲ್ಲಿ ಆಬಾಸಾಹೇಬರ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು. ಕೂತವಳ ಹೆಸರಿಗೆ ಜಾಗ ಉಳಿದಿರಲಿಲ್ಲ.

ಕುರ್ಚಿಯ ಜೊತೆಗೆ ಕಾಶಿಬಾಯಿಯನ್ನೂ ಕೊಟ್ಟಿದ್ದರು. ಆಬಾಸಾಹೇಬರ ದೂರದ ಸಂಬಂಧಿ, ಗಂಡ ತೀರಿದವಳು, ಎಲ್ಲಾದರೂ ಒಂದು ಕಡೆ ನೆಲೆಗೊಳಿಸಬೇಕಾಗಿತ್ತು. ಆಕೆ ತನ್ನ ಮನೆಯ ಅಡಿಗೆ ಮುಗಿಸಿ, ಬಸದಿಗೆ ಹೋಗಿ, ದಾರಿಯಲ್ಲಿ ನಾಲ್ಕು ಕಟ್ಟೆಗಳಲ್ಲಿ ಕೂತು ಎದ್ದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು. ಬಂದವಳೇ ಕುಸುಮಳ ಕಂಕುಳಲ್ಲಿ ಕೈ ಹಾಕಿ ಮೂಟೆಯ ಹಾಗೆ ಎಳೆಯುತ್ತಿದ್ದಳು. ಹಾಗೆ ಎಳೆದೆಳೆದು ಕುಸುಮಳ ಬಲಭುಜ ನೋಯುತ್ತಿತ್ತು. ಮಿಷನ್ನು ತಿರುಗಿಸುವ ಭುಜ ಅದೇ.

"ಅತ್ತಿ, ಜರಾ ಲಗೂ ಬರ್ರಿಲ್ಲ," ಎಂದರೆ, "ಪುಣ್ಯೇದ ಕೆಲಸ ತಂಗಿ. ಗಡಬಡ ಮಾಡಿದ್ರ ಪುಣ್ಯೆ ಸೋರಿ ಹೊಕ್ಕೈತಿ," ಎನ್ನುತ್ತಿದ್ದಳು ಕಾಶಿಬಾಯಿ.

ಇದಕ್ಕೆ ಏನು ಹೇಳುವುದು? ಕೂಲಿಯವಳು ತಡಮಾಡಿದರೆ ಬಯ್ಯಬಹುದು. ಪುಣ್ಯ ಮಾಡಲು ಬಂದವಳನ್ನು ಬಯ್ಯುವುದು ಹೇಗೆ? ಇಡೀ ಊರನ್ನು ಬಾಯಲ್ಲೇ ಹೊಲಿದು ಬಿಸಾಡುವ ಕುಸುಮ ಕಾಶಿಬಾಯಿಯ ಮುಂದೆ ತುಟಿ ಕಚ್ಚಿಕೊಂಡು ಕೂತಿರುತ್ತಿದ್ದಳು. ಸ್ನಾನವಾದ ಮೇಲೆ ಆಕೆ ಕುರ್ಚಿಯನ್ನು ಬಸದಿಯ ಕಟ್ಟೆಯ ಬಳಿ ತಂದು ನಿಲ್ಲಿಸುತ್ತಿದ್ದಳು. ಅದು ಮಂಡಳದ ಅಪ್ಪಣೆ. ಹೋಗಿಬರುವವರಿಗೆ ಕೆಂಪು ಅಕ್ಷರ ಕಾಣಬೇಕಲ್ಲ.

ಕುಸುಮಳಿಗೆ ಹೋಗಬೇಕಾಗಿದ್ದದ್ದು ಅಂಕಲಿಗೆ. ಅಲ್ಲಿಯ ಬಸ್ ಸ್ಟ್ಯಾಂಡಿನ ಎದುರು ಧೂಳಪ್ಪನದೊಂದು ಖೋಲಿ, ಅಂಗಡಿ ಇಡುವಷ್ಟು ಕೋಣೆ, ಇತ್ತು. ಅವಳು ಅದನ್ನು ಬಾಡಿಗೆಗೆ ಹಿಡಿದು ಮಿಷನ್ನು ಒಯ್ದಿಟ್ಟಿದ್ದಳು. ಮನೆಯಲ್ಲಿ ಉಳಿದದ್ದು ಕೈಹೊಲಿಗೆಯಷ್ಟೇ. ಬೇಸಿಗೆಯಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಬರುತ್ತದೆ. ಅದು ಬೆಳಿಗ್ಗೆ ಕದ ತೆರೆದು ಕೂತವರಿಗೇ ಸಿಗುವುದು. ಊರಿಂದ ಅಂಕಲಿಗೆ ಹೋಗುವ ಟೆಂಪೊ ಎಂಟಕ್ಕೆ. ನೇಮಿನಾಥ ಅಷ್ಟೊತ್ತಿಗೆ ಹೊಲದಲ್ಲಿ ನೀರು ಹಾಯಿಸುತ್ತಿರುತ್ತಿದ್ದ. ಅವನ ಹೆಂಡತಿ ರಾಜಮತಿಗೆ ಎಮ್ಮೆ, ಮಕ್ಕಳು, ರೊಟ್ಟಿ. ಕಾಶಿಬಾಯಿ ಬರುವಷ್ಟರಲ್ಲಿ ಟೆಂಪೊ ಅಂಕಲಿ ಮುಟ್ಟಿ ಚಿಕ್ಕೋಡಿಯ ದಾರಿ ಹಿಡಿದಿರುತ್ತಿತ್ತು.

ಧೂಳಪ್ಪ ಕೆಟ್ಟವನಲ್ಲ. ಆದರೆ ಬಾಡಿಗೆಗೆ ಕೊಟ್ಟವನು. ಒಮ್ಮೆ ಊರಿಗೆ ಬಂದಾಗ ಹೇಳಿಯೇಬಿಟ್ಟ: "ಕುಸುಮಾ, ಕದಾ ಮುಚ್ಚಿದ ಅಂಗಡಿ ಹೆಣಾ ಇದ್ದಂಗ. ಮಗ್ಗಲ ಅಂಗಡಿಯವರೂ ಬಯ್ಯಾಕತ್ತಾರ. ಜಯಂತಿ ಆದ ವಾರದಾಗ ದಿನಾ ಮುಂಜಾನೆ ಕದಾ ತಗಿಯೂ ಹಂಗಿದ್ರ ಇಟ್ಕೊ. ಇಲ್ಲಾಂದ್ರ ನಾಮದೇವ ಸಲೂನ ಹಾಕತೇನಿ ಅಂದಾನ. ಕನ್ನಡಿ ಸೈತ ತಂದಿಟ್ಕೊಂಡಾನ."

ಬೆಳಿಗ್ಗೆ ಬರಬಲ್ಲವಳು ಒಬ್ಬಳಿದ್ದಳು. ಹಿಂದಿನ ಓಣಿಯ ಲಕ್ಕವ್ವ. ಅವರಿವರ ಹೊಲದಲ್ಲಿ ಕಸ ತೆಗೆದು ಬದುಕುವವಳು, ಗಟ್ಟಿ ಆಳು, ಬಾಯಿ ಇನ್ನೂ ಗಟ್ಟಿ. ಒಮ್ಮೆ ಮಂಗಸೂಳಿಗೆ ಹೋಗುವ ಬಸ್ಸಿಗೆ ಕುಸುಮಳನ್ನು ಹತ್ತಿಸಬೇಕಾಗಿ ಬಂದಾಗ ಲಕ್ಕವ್ವ ಮುಂದೆ ಬಂದು, ಸೆರಗು ಕಟ್ಟಿ, "ಎಲ್ಲಿ ಹಿಡೀಲಿ ಬೇ?" ಎಂದು ಕೇಳಿದ್ದಳು. ಅಷ್ಟೇ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕುಸುಮ ಹೇಳಿದಲ್ಲಿ ಹಿಡಿದು, ಹೇಳಿದ ಹಾಗೆ ಎತ್ತಿ ಕೂರಿಸಿದ್ದಳು. ಭುಜ ನೋಯಲಿಲ್ಲ.

ಜಯಂತಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಕುಸುಮ ಅಣ್ಣನಿಂದ ಕುರ್ಚಿ ತಳ್ಳಿಸಿಕೊಂಡು ಆಬಾಸಾಹೇಬರ ಪಡಸಾಲೆಗೆ ಹೋದಳು. ಮಂಡಳದವರು ಚಹಾ ಕುಡಿಯುತ್ತ ಕೂತಿದ್ದರು.

"ಬಾ ತಂಗಿ. ಖುರ್ಚಿ ಚಲೋ ಐತಿಲ್ಲ?" ಎಂದರು ಆಬಾಸಾಹೇಬರು.

"ಐತ್ರಿ ದಾದಾ. ಮುಂದಿನ ಗಾಲಿ ಸಣ್ಣವು, ಎರಿ ಮಣ್ಣಾಗ ಹೂತ ಹೊಕ್ಕಾವು. ಅದಿರ್ಲಿ. ಕಾಶಿಬಾಯಿ ಅತ್ತಿ ಬದಲಿ ಲಕ್ಕವ್ವ ಬರ್ಲಿ ಅಂತ ಕೇಳಾಕ ಬಂದೇನ್ರಿ."

"ಯಾಕ? ಕಾಶಿಬಾಯಿ ಏನ ಮಾಡ್ಯಾಳ?"

"ಏನೂ ಮಾಡೂದಿಲ್ರಿ. ಅದ ತಕರಾರು."

ಒಂದಿಬ್ಬರು ನಕ್ಕು, ಅಧ್ಯಕ್ಷರ ಮುಖ ನೋಡಿ, ನಗುವನ್ನು ಚಹಾದ ಜೊತೆ ನುಂಗಿದರು. ಜಿನ್ನಪ್ಪ ಚಹಾದ ಬಸಿ ಕೆಳಗಿಟ್ಟ. "ಅಲ್ಲವಾ, ಸೇವಾ ಮಾಡಿಸ್ಕೊಳ್ಳೋರ ಆಳ ಆರಸಾಕ ಹತ್ತಿದ್ರ ಹ್ಯಾಂಗ? ನಾಳೆ ಪಂಕ್ತ್ಯಾಗ ಕುಂತವರು ಅಡಗಿಯವನ್ನ ಆರಸ್ತೇವಂತಾರ."

"ಉಣ್ಣೋರು ಅವರಲ್ರಿ ಮಾವಾ?"

"ಲಕ್ಕವ್ವ ನಮ್ಮ ಪೈಕಿ ಅಲ್ಲ," ಎಂದ ಇನ್ನೊಬ್ಬ.

"ಖರೆ ಐತ್ರಿ. ಆದ್ರ ಕಾಶಿಬಾಯಿ ಅತ್ತಿ ಹನ್ನೊಂದಕ್ಕ ಬರತಾರ, ಲಕ್ಕವ್ವ ಆರಕ್ಕ ಬರತಾಳ. ನನಗ ಪೈಕಿ ಅಲ್ರಿ, ಟೆಂಪೊ ಬೇಕಾಗೈತಿ."

ಆಬಾಸಾಹೇಬರು ದೊಡ್ಡ ಮನಸ್ಸಿನವರ ದನಿ ತೆಗೆದರು. ಆ ದನಿ ಅವರು ಗೊಬ್ಬರ ಸಾಲ ಕೊಡುವುದಿಲ್ಲ ಎನ್ನುವಾಗಲೂ ಬರುತ್ತಿತ್ತು. "ನೋಡ ತಂಗಿ, ನಿನಗ ಏನ ಬೇಕಂಬೂದು ನಿನಗಿಂತ ನಮಗ ಬರೋಬ್ಬರಿ ಗೊತ್ತೈತಿ. ನೀ ಕುಂತಲ್ಲಿ ಕುಂತಿರ್ತಿ. ನಾವು ನಾಕ ಕಡೆ ಅಡ್ಡಾಡಿ ನೋಡತೇವಿ."

"ಹೌದ್ರಿ, ನೋಡ್ತೀರಿ. ಕೇಳೂದಿಲ್ಲ."

ನೇಮಿನಾಥ ತಂಗಿಯ ಹೆಗಲು ಒತ್ತಿದ. ಆಬಾಸಾಹೇಬರ ಮುಖ ಕೆಂಪಾಯಿತು. "ಸವಾಲ ಗೆದ್ದಾವ ನಾ. ಬೆಲ್ಲಾ ಕೊಟ್ಟಾವ ನಾ. ಯಾರನ್ನ ಕಳಸೂದು, ಯಾವಾಗ ಕಳಸೂದು ನನ್ನ ಖುಷಿ. ಅಷ್ಟ ಆರಸೂ ಹುಕಿ ಇದ್ರ ನೀನ ಸವಾಲ ಹಿಡಿಯವಾ, ಯಾರ ಬ್ಯಾಡಂದಾರ?"

ಪಡಸಾಲೆ ನಗೆಯಿಂದ ತುಂಬಿತು. ಕುರ್ಚಿ ಹೊರಗೆ ಬರುವವರೆಗೂ ನಗುತ್ತಲೇ ಇದ್ದರು. ದಾರಿಯುದ್ದಕ್ಕೂ ನೇಮಿನಾಥ, "ಹಂಗ ಮಾತಾಡಬಾರದವಾ, ದೊಡ್ಡವರು," ಎಂದು ಗೊಣಗುತ್ತಿದ್ದ. ಕುಸುಮ ಮನೆ ಬಂದ ಮೇಲೆ ಕೇಳಿದಳು: "ಅಣ್ಣಾ, ತವನಪ್ಪ ಮಾವನ ಸೊಂಟಾ ಹಿಡದಿತ್ತಲ್ಲ, ಆಗ ಜಿನ್ನಪ್ಪ ಮಾವ ತನ್ನ ಕಿಸೇದಿಂದ ಏನರೆ ಕೊಟ್ಟಿದ್ನೇನು?"

"ಒಂದ ಹಳಕ ಬೆಲ್ಲಾನೂ ಕೊಟ್ಟಿಲ್ಲ. ಯಾಕ?"

"ಸುಮ್ನ ಕೇಳಿದ್ನಿ."

ಮರುದಿನ ಬಸದಿಯ ಪೂಜೆ ಮಾಡುವ ಉಪಾಧ್ಯರು ಹೆಂಡತಿಯ ಕುಪ್ಪಸ ಒಯ್ಯಲು ಬಂದರು. ಕುಸುಮ ಗುಂಡಿ ಹಚ್ಚುತ್ತ ಕೇಳಿದಳು, "ಸವಾಲಕ್ಕ ಹೆಂಗಸರು ಕೂಗಬಹುದೇನ್ರಿ?"

"ಯಾಕ ಕೂಗಬಾರದು? ನಮ್ಮ ಅಜ್ಜಿ ಆರತಿ ಸವಾಲ ಹಿಡದಿದ್ಲು."

"ಸೇವಾದ ಸವಾಲಕ್ಕೂ ಅಭಿಷೇಕದ ನೇಮ ಖರೆ ಏನ್ರಿ?"

ಉಪಾಧ್ಯರು ಮುಗಿದ ಕುಪ್ಪಸ ಕೈಗೆ ತೆಗೆದುಕೊಂಡರು. ನೇಮ ಎಂದರೆ ಅವರಿಗೆ ನೇಮ, ಬಡವನಿಗೂ ಅದೇ, ಆಬಾಸಾಹೇಬರಿಗೂ ಅದೇ. "ಅಧ್ಯಕ್ಷರ ಮೈಕಿನ್ಯಾಗ ಅಂದಾರ. ನಾಕ ಊರು ಕೇಳೈತಿ," ಎಂದು ಕುಪ್ಪಸ ಮಡಿಚಿಕೊಂಡು ಎದ್ದರು.

ಹೊಲಿಗೆಯಿಂದ ಕೂಡಿಟ್ಟದ್ದನ್ನೆಲ್ಲ ತೆಗೆದರೆ ಐದಾರು ಪೆಂಟಿ ಬೆಲ್ಲಕ್ಕೆ ಸಾಕಾಗುತ್ತಿತ್ತು. ಅದಕ್ಕಿಂತ ಮೇಲೆ ಕೂಗಿ, ಎದುರಿನವರು ಕೈಬಿಟ್ಟರೆ, ಮಿಷನ್ನು ಮಾರಬೇಕು. ಮಿಷನ್ನಿಲ್ಲದೆ ಖೋಲಿ ಇದ್ದೇನು? ಇದು ಕುಸುಮಳಿಗೆ ಗೊತ್ತಿತ್ತು. ಆಬಾಸಾಹೇಬರೂ ಅವಳಿಗೆ ಗೊತ್ತಿದ್ದರು.

ಜಯಂತಿಯ ದಿನ ಬಸದಿಯ ಅಂಗಳದಲ್ಲಿ ಚಪ್ಪರದ ಮಾಂಡವ. ಆ ವರ್ಷ ಆಬಾಸಾಹೇಬರ ಕಡೆಗೆ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಬಾಸಾಹೇಬರ ಮಗಳನ್ನು ಆ ಮನೆಗೆ ಕೊಡುವ ಮಾತು ನಡೆದಿತ್ತು. ಕಲಶ, ಆರತಿ ಎಲ್ಲ ಮುಗಿದ ಮೇಲೆ ಕುಸುಮಳನ್ನೂ ಮಲಕಾರಿಯನ್ನೂ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ ವೇದಿಕೆಯ ಕೆಳಗೆ ಕೂರಿಸಿದರು. ಬಾಜಾರದಲ್ಲಿ ಎತ್ತುಗಳನ್ನು ನಿಲ್ಲಿಸಿದ ಹಾಗೆ. ಹಲ್ಲು ನೋಡುವುದೊಂದು ಬಾಕಿ.

ಸವಾಲು ಕೂಗಿಸುವವನು ತವನಪ್ಪ. "ಕುಸುಮಾನ ಸೇವಾ, ಒಂದ ವರ್ಸದ್ದು! ಯಾರ ಕೂಗತೀರಿ?"

"ಮೂರ ಪೆಂಟಿ," ಎಂದ ಜಿನ್ನಪ್ಪ. ಪ್ರತಿ ವರ್ಷವೂ ಅವನು ಮೂರು ಎನ್ನಬೇಕು, ಆಬಾಸಾಹೇಬರು ಐದು ಎನ್ನಬೇಕು, ಚಪ್ಪಾಳೆ ಬೀಳಬೇಕು. ಹಾಗೆ ಮಾತಾಗಿತ್ತು.

"ಐದು," ಎಂದರು ಆಬಾಸಾಹೇಬರು.

"ಆರು."

ತವನಪ್ಪ ಗಂಡಸರ ಕಡೆ ನೋಡಿದ, ಹೆಂಗಸರ ಕಡೆ ನೋಡಿದ. "ಯಾರದ್ರೆಪಾ ಇದು?"

"ನಂದ್ರಿ ಮಾವಾ, ಇಲ್ಲಿ ಕೆಳಗ. ಕುಸುಮಾನ ಸೇವಾಕ್ಕ ಕುಸುಮಾ, ಆರ ಪೆಂಟಿ."

ಮಾಂಡವ ಗೊಳ್ಳೆಂದಿತು. ಹಿಂದಿನಿಂದ ಯಾರೋ, "ದೇವರ ತನ್ನ ಅಭಿಷೇಕ ತಾನ ಮಾಡ್ಕೊಂತೇನಂತೈತಿ!" ಎಂದು ಕೂಗಿದ. ಆಬಾಸಾಹೇಬರು ನಗುತ್ತ, "ತಂಗಿ, ಚೇಷ್ಟಾ ಸಾಕು, ನಿಪ್ಪಾಣಿ ಪಾವಣ್ಯಾರ ಕುಂತಾರ," ಎಂದರು.

"ನೀವ ಅಂದಿದ್ರಿ ದಾದಾ, ಸವಾಲ ಹಿಡಿ ಅಂತ."

ಉಪಾಧ್ಯರು ವೇದಿಕೆಯ ಮೇಲಿಂದ, "ಕೂಗಿದ ಮ್ಯಾಲ ಅದು ಕೂಗ. ತವನಪ್ಪ, ಮುಂದ ನಡಸು," ಎಂದರು.

ಜಿನ್ನಪ್ಪ ಹಿಂದೆ ಸರಿದ. ಉಳಿದವರು ಇಬ್ಬರೇ. ಏಳು ಎಂದರು ಆಬಾಸಾಹೇಬರು, ಮುಗಿಯಿತು ಎನ್ನುವ ಹಾಗೆ. ಎಂಟು ಎಂದಳು ಕುಸುಮ. ನಿಪ್ಪಾಣಿಯವರು ಕುತ್ತಿಗೆ ಉದ್ದ ಮಾಡಿ ನೋಡತೊಡಗಿದರು. ಬೀಗರಾಗುವವರ ಮುಂದೆ ಕುಪ್ಪಸ ಹೊಲಿಯುವ ಹುಡುಗಿಗೆ ಸೋಲುವುದೇ? ಹತ್ತು ಎಂದರು. ಹನ್ನೊಂದು ಎಂದಳು. ಹಿಂದೆ ನಿಂತ ನೇಮಿನಾಥ ತಂಗಿಯ ಕಿವಿಗೆ ಬಗ್ಗಿದ. "ಸಾಕ ಬಿಡವಾ, ಮಿಷನ್ ಹೊಕ್ಕೈತಿ," ಎಂದು ಪಿಸುಗುಟ್ಟಿದ. ಕುಸುಮ ಆಬಾಸಾಹೇಬರನ್ನೇ ನೋಡುತ್ತಿದ್ದಳು. ಈಗ ಆ ಮನುಷ್ಯ ಸುಮ್ಮನೆ ಕೂತರೆ ಎಲ್ಲವೂ ಹೋಯಿತು.

ಆದರೆ ಸುಮ್ಮನೆ ಕೂರಲು ಒಂದಿಷ್ಟು ಬುದ್ಧಿ ಬೇಕಾಗುತ್ತದೆ. ಆಬಾಸಾಹೇಬರು ಎದ್ದು ನಿಂತು, ಶಲ್ಯ ಹೆಗಲಿಗೆ ಎಸೆದು, "ಇಪ್ಪತ್ತೈದು!" ಎಂದು ಗುಡುಗಿದರು.

ಚಪ್ಪಾಳೆಯೋ ಚಪ್ಪಾಳೆ. ತವನಪ್ಪ ಮೂರು ಸಲ ಕೂಗಿದ. ಕುಸುಮ ಬಾಯಿ ತೆರೆಯಲಿಲ್ಲ. ಮೂರನೆಯ ಕೂಗು ಮುಗಿದ ಮೇಲೆ ಕೈಮುಗಿದು, "ಆತ್ರಿ ದಾದಾ, ನಿಮಗ ಆತು," ಎಂದಳು. ಪಾಪ, ಸೋತಳು ಎಂದರು ಹೆಂಗಸರು.

ಆಗ ಅವಳು ಉಪಾಧ್ಯರ ಕಡೆ ತಿರುಗಿದಳು. "ಅಜ್ಜಾರ, ಅಭಿಷೇಕದ ನೇಮ ಇದಕ್ಕೂ ಐತಲ್ರಿ? ಹಂಗಾದ್ರ ನಾಳೆ ಮುಂಜಾನೆ ಆರಕ್ಕ ದಾದಾರ ತಾವ ಬರಬೇಕು. ಕೈಯಾರೆ. ಆಳ ನಡಿಯೂದಿಲ್ಲ."

ಚಪ್ಪಾಳೆ ಅರ್ಧಕ್ಕೆ ನಿಂತಿತು. "ಹಿಂದ ಯಾವ ವರ್ಸೂ ಹಂಗ ಇರಲಿಲ್ಲಲ್ಲ!" ಎಂದರು ಆಬಾಸಾಹೇಬರು.

"ಹಿಂದ ಯಾರೂ ಕೇಳಿರಲಿಲ್ರಿ," ಎಂದರು ಉಪಾಧ್ಯರು, ಮೈಕು ಹತ್ತಿರ ಎಳೆದುಕೊಂಡು. "ನೇಮ ಕೇಳೂ ಹಕ್ಕು ಎರಡನೇದ ಕೂಗಿದವರದು. ಈಗ ಎರಡನೇದವಳು ಕುಸುಮ, ಕೇಳಾಕತ್ತಾಳ. ನೇಮ ನೀವ ಇದ ಮೈಕಿನ್ಯಾಗ ಹೇಳೀರಿ."

ಇಷ್ಟಾದ ಮೇಲೂ ಜಾರಿಕೊಳ್ಳಬಹುದಿತ್ತೇನೋ. ಆದರೆ ನಿಪ್ಪಾಣಿಯ ಅತಿಥಿ ಕಣ್ಣಲ್ಲಿ ನೀರು ತಂದುಕೊಂಡು, "ವಾ! ಸ್ವತಃ ಸೇವಾ ಕರಣಾರ? ಮೋಠಂ ಮನ!" ಎಂದು, ತಾವೇ ಸೇವೆ ಮಾಡುವರಲ್ಲ ಎಂದು ಮರಾಠಿಯಲ್ಲಿ ಮೆಚ್ಚಿ, ಎದ್ದು ನಿಂತು ಕೈಹಿಡಿದು ಕುಲುಕಿಬಿಟ್ಟರು. ಅಷ್ಟು ದೊಡ್ಡ ಮನಸ್ಸಿನವರು ಎಂದು ಹೊಗಳಿಸಿಕೊಂಡ ಮೇಲೆ ಚಿಕ್ಕದು ಮಾಡಿಕೊಳ್ಳಲು ಜಾಗ ಉಳಿಯಲಿಲ್ಲ.

ಮರುದಿನ ಆಬಾಸಾಹೇಬರು ಬಂದರು, ಏಳು ದಾಟಿದ ಮೇಲೆ. ಬಿಳಿ ಧೋತರ, ಇಸ್ತ್ರಿಯ ಅಂಗಿ, ಜೊತೆಗೆ ಮಂಡಳದ ಇಬ್ಬರು. ಸ್ನಾನ ಮಾಡಿಸಲು ಅತ್ತಿಗೆ, ರಾಜಮತಿ ವೈನಿ, ಎಮ್ಮೆ ಹಿಂಡುವುದನ್ನು ಬಿಟ್ಟು ಬಂದಿದ್ದಳು. ನೀರು ತರುವುದು ಸೇವೆಯವರ ಪಾಲು. ಓಣಿಯ ಬೋರಿಂಗಿನ ಹ್ಯಾಂಡಲು ಒತ್ತಿ, ಎರಡು ಕೊಡ ಹೊತ್ತು ತರುವಷ್ಟರಲ್ಲಿ ಧೋತರ ಅರ್ಧ ತೊಯ್ದು ಕಾಲಿಗೆ ಅಂಟಿತು. ಮಂಡಳದ ಇಬ್ಬರೂ ನೆರಳಲ್ಲಿ ನಿಂತು, "ಹುಷಾರ್ರಿ, ಹುಷಾರ," ಎಂದು ಸಲಹೆ ಕೊಟ್ಟರು. ಟೆಂಪೊ ಹೋಗಿಬಿಟ್ಟಿತ್ತು.

"ನಾಳೆ ಆರಕ್ಕ ಬರ್ರಿ ದಾದಾ," ಎಂದಳು ಕುಸುಮ. "ಗಡಬಡ ಮಾಡಿದ್ರ ಪುಣ್ಯೆ ಸೋರತೈತಿ ಅಂತಾರ. ತಡಾ ಮಾಡಿದ್ರ ಟೆಂಪೊ ಹೊಕ್ಕೈತಿ."

ಎರಡನೆಯ ದಿನ ಆರೂವರೆಗೆ ಬಂದರು, ಒಬ್ಬರೇ. ಮಂಡಳದ ಇಬ್ಬರಿಗೂ ಒಮ್ಮೆಲೇ ಹೊಲದ ಕೆಲಸ ನೆನಪಾಗಿತ್ತು. ನೀರಾಯಿತು, ಸ್ನಾನವಾಯಿತು. ಕುರ್ಚಿ ತಳ್ಳಿಕೊಂಡು ಓಣಿಗೆ ಬಂದರು. ತಳ್ಳುವವನ ಕಣ್ಣ ಮುಂದೆಯೇ ಕೆಂಪು ಅಕ್ಷರ. ದಾರಿಯುದ್ದಕ್ಕೂ ತಮ್ಮ ಹೆಸರನ್ನು ತಾವೇ ಓದುತ್ತ ಹೋಗಬೇಕು. ಕಟ್ಟೆಯ ಮೇಲಿನ ಮಂದಿ ಹಲ್ಲುಜ್ಜುವುದನ್ನು ಬಿಟ್ಟು ನೋಡಿದರು.

"ಅಧ್ಯಕ್ಷರ, ಗಾಡಿ ಖಾಲಿ ಆದ್ರ ನನ್ನನ್ನೂ ಒಂದ ಸುತ್ತ ಒಯ್ಯರಿ!" ಎಂದು ಮಲಕಾರಿ ಕೂಗಿದ. ಅವನಿಗೆ ಕಾಣುತ್ತಿರಲಿಲ್ಲ. ಆದರೆ ಏದುಸಿರು ಯಾರದೆಂದು ತಿಳಿದಿತ್ತು.

ಕಾಲುವೆ ನೀರು ಹರಿದು ಹಸಿಯಾಗಿದ್ದ ಎರೆಮಣ್ಣು ಬಂತು. ಮುಂದಿನ ಸಣ್ಣ ಗಾಲಿಗಳು ಹೂತವು. ಆಬಾಸಾಹೇಬರು ಒತ್ತಿದರು, ಜಗ್ಗಿದರು. ಗಾಲಿಗಳು ಇನ್ನೂ ಆಳಕ್ಕೆ ಹೋದವು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಥೂ! ಯಾವ ಮಂಗ್ಯಾ ಆರಿಸ್ಯಾನ ಈ ಖುರ್ಚಿ?"

"ನೀವ ರಿ ದಾದಾ."

ಅವರು ಸಿಟ್ಟಿನಿಂದ ಕುರ್ಚಿಯ ತೋಳು ಹಿಡಿದು ಎತ್ತಿದರು. ತೋಳು ಕಿತ್ತು ಕೈಗೆ ಬಂತು. "ಮೊದಲ ಕೇಳ್ರಿ, ಎಲ್ಲಿ ಹಿಡೀಲಿ ಅಂತ," ಎಂದಳು ಕುಸುಮ, ದನಿ ಏರಿಸದೆ. "ಕುಂತಾಕಿಗೆ ಗೊತ್ತಿರತೈತಿ."

ಆಬಾಸಾಹೇಬರು ಆ ಕಿತ್ತ ತೋಳು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ದೂರದಲ್ಲಿ ಟೆಂಪೊ ಹಾರ್ನು ಹೊಡೆದು ಹೊರಟೇಹೋಯಿತು.

ಮೂರನೆಯ ದಿನ ಆರಾಯಿತು, ಎಂಟಾಯಿತು. ಹನ್ನೊಂದಕ್ಕೆ ಕಾಶಿಬಾಯಿ ಬಂದಳು.

"ಕಲಶಾ ಎತ್ತಾಕ ಆಳ ನಡಿಯೂದಿಲ್ಲ ಅತ್ತಿ," ಎಂದಳು ಕುಸುಮ.

ಕಾಶಿಬಾಯಿ ಹೊಸ್ತಿಲ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡಳು. "ಬ್ಯಾಡ ಅಂದ್ರ ಚಲೋನ ಆತವಾ. ನನ್ನ ಮೊಣಕಾಲ ಏಳಾಕ ಕುಂಡ್ರಾಕ ಕೊಡೂದಿಲ್ಲ. ನಿನ್ನ ಎತ್ತೂವಾಗ ಜೀವಾ ಹೋಗತಿತ್ತು. ಯಾರಿಗಿ ಹೇಳ್ಲಿ? ನನ್ನನ್ನಾರ ಯಾರ ಕೇಳ್ಯಾರ?"

ಕುಸುಮ ವೈ‌ನಿಯನ್ನು ಕರೆದು ಅತ್ತೆಗೆ ಚಹಾ ಮಾಡಿಸಿದಳು.

ಸಂಜೆ ಉಪಾಧ್ಯರು, ತವನಪ್ಪ, ನೇಮಿನಾಥ ಮೂವರೂ ಆಬಾಸಾಹೇಬರ ಮನೆಗೆ ಹೋದರು. ಅವರು ಮಂಚದ ಮೇಲೆ ಮಲಗಿದ್ದರು. "ಸೊಂಟಾ ಹಿಡದೈತ್ರಿ," ಎಂದರು ಗೋಡೆಯ ಕಡೆ ನೋಡುತ್ತ.

ತವನಪ್ಪ ಇಷ್ಟು ವರ್ಷ ಇಂಥದ್ದೊಂದು ಸಂಜೆಗಾಗಿ ಕಾದಿದ್ದ. "ಹೌದೇನ್ರಿ? ನಿಮಗೂ ಸೊಂಟಾನ? ಸವಾಲ ಗೆದ್ದವರಿಗೆ ಅದ ಜಡ್ಡ ಬರತೈತಿ ನೋಡ್ರಿ. ಎರಂಡಿ ಎಣ್ಣಿ ಹಚ್ಚರಿ. ನಾನೂ ಹಚ್ಚಿದ್ನಿ."

"ಹಂಗಾದ್ರ ಸೇವಾ ಎರಡನೇದವರಿಗೆ ಹೋತು," ಎಂದರು ಉಪಾಧ್ಯರು. "ಕುಸುಮಾನ ಸೇವಾ ಕುಸುಮಾಗ. ಬೆಲ್ಲಾ ನಿಮ್ಮದು."

ಆಬಾಸಾಹೇಬರು ಸೊಂಟ ಮರೆತು ಎದ್ದು ಕೂತರು. "ಬೆಲ್ಲಾ ಕೊಡತೇನಿ. ಖರ್ಚ ಮಾಡೂದು ಮಂಡಳ!"

"ಅಭಿಷೇಕದ ಹಾಲು ಯಾವ ಎಮ್ಮೀದು ಅನ್ನೂದನ್ನ ಯಾರ ಆರಸ್ತಾರ್ರಿ?" ಎಂದರು ಉಪಾಧ್ಯರು.

ಕಲಶ ಎತ್ತುವವನೇ ಆರಿಸುತ್ತಾನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತವನಪ್ಪ, "ಮತ್ತ ಬೇಕಾದ್ರ ಮುಂಜಾನೆ ಆರಕ್ಕ ನೀವ ಹೋಗ್ರಿ, ಯಾರ ಬ್ಯಾಡಂದಾರ?" ಎಂದು ಸೇರಿಸಿದ. ಆಬಾಸಾಹೇಬರು ಮತ್ತೆ ಮಲಗಿದರು. ಸೊಂಟ ನೋವು ಈಗ ನಿಜವಾಗಿಯೂ ಬಂದಂತಿತ್ತು.

ಬೆಲ್ಲ ಬಂತು. ಕುಸುಮ ಅದನ್ನು ಮಾರಿಸಿ, ಮೊದಲು ಚಿಕ್ಕೋಡಿಯ ಸೈಕಲ್ ಅಂಗಡಿಯಿಂದ ಕುರ್ಚಿಗೆ ಕಿತ್ತ ತೋಳನ್ನೂ ಮುಂದಕ್ಕೆ ದೊಡ್ಡ ಗಾಲಿಯನ್ನೂ ಹಾಕಿಸಿದಳು. ಆಮೇಲೆ ಲಕ್ಕವ್ವನನ್ನು ಕರೆಸಿದಳು.

"ಏನ ಬೇ, ನನಗೂ ಪುಣ್ಯೆ ಕೊಡ್ತೀಯೇನು?" ಎಂದು ಲಕ್ಕವ್ವ ಬಾಗಿಲಲ್ಲೇ ನಕ್ಕಳು.

"ಪುಣ್ಯೆ ಇಲ್ಲ. ಕೂಲಿ ಕೊಡತೇನಿ, ವಾರಕ್ಕೊಮ್ಮೆ. ಆರಕ್ಕ ಬರಬೇಕು. ಜಡ್ಡ ಬಿದ್ರ ಹಿಂದಿನ ದಿನಾನ ಹೇಳಬೇಕು."

"ಜಡ್ಡ ಹಿಂದಿನ ದಿನಾನ ಬಂದ ಹೇಳಿ ಹೊಕ್ಕೈತೇನ ಬೇ?"

"ನನಗ ಸಿಟ್ಟ ಬಂದ್ರ ಬಯ್ಯತೇನಿ."

"ನಂಗೂ ಬಾಯಿ ಐತಿ," ಎಂದು ಲಕ್ಕವ್ವ ಒಪ್ಪಿಕೊಂಡಳು.

ಧೂಳಪ್ಪ ಹೇಳಿದ ವಾರದ ಕೊನೆಯ ದಿನ ಕುಸುಮ ಟೆಂಪೊ ಇಳಿದಾಗ ಖೋಲಿಯ ಬಾಗಿಲಿಗೆ ನಾಮದೇವನ ದೊಡ್ಡ ಕನ್ನಡಿ ಆಗಲೇ ಒರಗಿ ನಿಂತಿತ್ತು. ಅದರಲ್ಲಿ ಮೊದಲು ಲಕ್ಕವ್ವ ಕಂಡಳು, ಆಮೇಲೆ ಕುರ್ಚಿ, ಆಮೇಲೆ ಕುಸುಮ. ಧೂಳಪ್ಪ ಬೀಗದ ಕೈ ಹಿಡಿದು ಹೊರಬಂದ.

"ಕನ್ನಡಿ ಜರಾ ಆ ಕಡೆ ಸರಸ್ರಿ," ಎಂದಳು ಕುಸುಮ. "ಬೆಳಕ ಮಿಷನ್ ಮ್ಯಾಲ ಬೀಳಬೇಕು."

ಶಾಲೆಯ ಸಮವಸ್ತ್ರದ ಬಟ್ಟೆ ಬಂತು, ನೀಲಿಯ ಗುಡ್ಡೆಗುಡ್ಡೆ. ಮಲಕಾರಿ ಊರ ತುಂಬ, "ಮುಂದಿನ ಜಯಂತಿಗೆ ನನ್ನ ಸವಾಲ ನಾನ ಕೂಗಾಂವ, ಪೇಪರನವ ಬ್ಯಾಡ, ನಾರನವ ಬೇಕು," ಎಂದು ಹೇಳಿಕೊಂಡು ತಿರುಗುತ್ತಿದ್ದ. ಮಂಡಳದವರು ಸೇರಿ, ಮುಂದಿನ ವರ್ಷದಿಂದ ಸೇವೆಯ ಸವಾಲೇ ಬೇಡ, ಹಳೆಯ ಪದ್ಧತಿಗಳನ್ನು ಹೀಗೆ ಕೆಡಿಸಬಾರದು ಎಂದು ಗಂಭೀರವಾಗಿ ವಿಚಾರ ಮಾಡತೊಡಗಿದ್ದರು.

ಜೂನಿನ ಮೊದಲ ಮಳೆ ಬಿದ್ದ ದಿನ ಲಕ್ಕವ್ವ ಏಳಕ್ಕೆ ಬಂದಳು. ಕುಸುಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಯಾವ ಹಾಡಾಹಗಲಿಗೆ ಬಂದೀಯ ಬೇ? ಸೂರ್ಯಾನ್ನ ಎಬ್ಬಿಸಾಕ ಹೋಗಿದ್ದೇನು? ಅಂಕಲ್ಯಾಗ ಅರಿವಿ ಬಿದ್ದೈತಿ, ಇಲ್ಲಿ ನಾ ಬಿದ್ದೇನಿ, ನೀ ಎಲ್ಲಿ ಬಿದ್ದಿದ್ದಿ?"

"ಛಾವಣಿ ಸೋರಾಕತ್ತಿತ್ತ ಬೇ, ನಿನ್ನ ಕೈಯಾಗ ಸೂಜಿ ಐತಿ ಅಂತ ಎಲ್ಲಾರನ್ನೂ ಚುಚ್ಚಬ್ಯಾಡ!"

"ಸೋರೂದು ನಿನ್ನೆ ಗೊತ್ತಿದ್ದಿಲ್ಲೇನು? ನಾಳೆ ತಡಾ ಮಾಡಿದ್ರ ಬ್ಯಾರೆಯವರನ್ನ ಹುಡಕತೇನಿ!"

"ಹುಡುಕ! ನಿನ್ನ ಬಾಯಿ ತಡಕೊಳ್ಳಾಕ ಇನ್ನೊಬ್ಬಾಕಿ ಎಲ್ಲಿ ಸಿಗತಾಳ ನೋಡೂಣು!" ಎಂದು ಲಕ್ಕವ್ವ ಅಷ್ಟೇ ಜೋರಾಗಿ ಕೂಗುತ್ತ ಕೊಡ ಎತ್ತಿಕೊಂಡಳು.

ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಒಳಗೆ ರೊಟ್ಟಿ ತಟ್ಟುತ್ತಿದ್ದ ರಾಜಮತಿ ಗಂಡನ ಕಡೆ ನೋಡಿದಳು. "ಎಷ್ಟ ದಿನದ ಬೈಗಳಾನೋ ಏನೋ, ಒಮ್ಮೆಲೆ ಬರಾಕತ್ತಾವು," ಎಂದಳು. ನೇಮಿನಾಥ ರೊಟ್ಟಿ ಮುರಿಯುತ್ತ, "ಬಯ್ಲಿ ಬಿಡು," ಎಂದ.

ಆ ದಿನವೂ ಟೆಂಪೊ ಸಿಕ್ಕಿತು.